ಮಡಿಕೆ ಬಿಚ್ಚದ ರೆಕ್ಕೆ

ಏಪ್ರಿಲ್ ೩

ಮಾನ್ಯರೇ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಮಾರ್ಚ್ ಒಂಬತ್ತರ ಬೆಳಿಗ್ಗೆ ನಿಲ್ದಾಣದಿಂದ ಮೇಲೆದ್ದು, ನಿಮ್ಮ ಹೊಲಿಗೆ ಅಂಗಡಿಯ ಮುಂದಿನ ರಸ್ತೆಯನ್ನು ದಾಟಿ, ಆಚೆಯ ಗೋದಾಮುಗಳ ಮೇಲೆ ಬಿತ್ತಲ್ಲ, ಆ ವಿಮಾನದ ಸಹಪೈಲಟ್ ನನ್ನ ತಮ್ಮ. ಅವನ ಹೆಸರು ಪೇಪರುಗಳಲ್ಲಿ ಬೇಕಾದಷ್ಟು ಬಂದಿದೆ, ನಾನು ಬರೆಯುವುದಿಲ್ಲ. ಮನೆಯಲ್ಲಿ ಅವನು ಗುಂಡ.

ಟೀವಿಯಲ್ಲಿ ನಿಮ್ಮ ಬೆನ್ನ ಹಿಂದೆ ಕಾಣುತ್ತಿದ್ದ ಬೋರ್ಡನ್ನು ನೋಡಿ ವಿಳಾಸ ಬರೆದುಕೊಂಡೆ. ಆ ತುಣುಕನ್ನು ನಲವತ್ತು ಸಲವಾದರೂ ನೋಡಿರಬೇಕು. "ಬೀಳೋಕ್ ಮುಂಚೇನೇ ರೆಕ್ಕೇಲಿ ಬೆಂಕಿ ಇತ್ತು, ನಾನೇ ನೋಡಿದೆ" ಎಂದು ನೀವು ಹೇಳುತ್ತೀರಿ.

ಮೊದಲ ದಿನದ ಪೇಪರಿನಲ್ಲಿ "ಪೈಲಟ್‌ಗಳ ತಪ್ಪೇ?" ಎಂದಿತ್ತು. ಮೂರನೆಯ ದಿನಕ್ಕೆ ಆ ಪ್ರಶ್ನೆಚಿಹ್ನೆ ಮಾಯವಾಯಿತು. ಪೈಲಟ್‌ಗಳೂ ಸೇರಿ ಒಳಗಿದ್ದ ಅರವತ್ತನಾಲ್ಕು ಜನ, ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಇಬ್ಬರು, ಇಷ್ಟು ಜನರ ಸಾವನ್ನು ನನ್ನ ತಮ್ಮನ ತಲೆಗೆ ಕಟ್ಟಿದ್ದಾರೆ. ರೆಕ್ಕೆಗೆ ಮೊದಲೇ ಬೆಂಕಿ ಹತ್ತಿದ್ದರೆ ಅವನಾದರೂ ಏನು ಮಾಡಲು ಸಾಧ್ಯವಿತ್ತು?

ನೀವು ನೋಡಿದ್ದು ನಿಜವೇ? ಹೌದು ಎಂಬ ಒಂದು ಸಾಲು ಸಾಕು. ಮನೆಯ ಫೋನನ್ನು ತೆಗೆಸಿದ್ದೇನೆ. ಕರೆ ಮಾಡುವವರೆಲ್ಲ ಅಳುತ್ತಾರೆ, ಇಲ್ಲವೇ ಬೈಯುತ್ತಾರೆ. ಆದ್ದರಿಂದ ಪತ್ರ.

ಇಂತಿ,
ಗುಂಡನ ಅಕ್ಕ


ಏಪ್ರಿಲ್ ೧೪

ಅಕ್ಕಾವ್ರೇ,

ನಿಮ್ಮ ಕಾಗದವನ್ನು ಮೂರು ದಿನ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಏನು ಬರೆಯುವುದೆಂದು ತೋಚಲಿಲ್ಲ. ನಾನು ಅಳತೆ ಬರೆದುಕೊಳ್ಳುವವಳೇ ಹೊರತು ಕಾಗದ ಬರೆಯುವವಳಲ್ಲ.

ಹೌದು, ನೋಡಿದೆ.

ನನ್ನ ಅಂಗಡಿ ಎರಡನೇ ಮಹಡಿಯಲ್ಲಿದೆ. ಒಂದೇ ಕೋಣೆ, ಒಂದೇ ಕಿಟಕಿ, ಎರಡು ಮೆಷಿನ್. ಒಂದು ನನ್ನದು, ಇನ್ನೊಂದು ಕಾಜ ಮಾಡುವುದಕ್ಕೆ. ಮೂಲೆಯಲ್ಲಿ ಕೂತು ಗುಂಡಿ ಹಾಕುವವರು ನಮ್ಮ ಅತ್ತೆ. ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ದುಡಿದು ಎರಡೂ ಕಿವಿ ಹೋಗಿವೆ. ವಿಮಾನ ನೆತ್ತಿಯ ಮೇಲೆ ಹೋದರೂ ತಲೆ ಎತ್ತುವುದಿಲ್ಲ, ಗುಂಡಿಗಳ ಡಬ್ಬ ಅಲುಗಾಡಿದರೆ ಮಾತ್ರ ಅದನ್ನು ಹಿಡಿದುಕೊಳ್ಳುತ್ತಾರೆ. ಆ ದಿನ ಡಬ್ಬ ಕೆಳಗೆ ಬಿತ್ತು. ಎಲ್ಲಾ ಗುಂಡಿಯೂ ಚೆಲ್ಲಿತು. ಇವತ್ತಿಗೂ ಕಾಲಡಿ ಒಂದೊಂದು ಸಿಗುತ್ತದೆ.

ನಿಮ್ಮ ತಮ್ಮನ ವಯಸ್ಸನ್ನು ಪೇಪರಿನಲ್ಲಿ ನೋಡಿದೆ. ನನ್ನ ಮನೆಯವರು ತೀರಿಕೊಂಡಾಗ ಅವರಿಗೂ ಅಷ್ಟೇ ವಯಸ್ಸು. ಸಮಾಧಾನ ಮಾಡಿಕೊಳ್ಳಿ ಎಂದು ಹೇಳುವುದಿಲ್ಲ. ನನಗೆ ಹಾಗೆ ಹೇಳಿದವರನ್ನು ಕಂಡರೆ ಮೈ ಉರಿಯುತ್ತಿತ್ತು.

ಹೊಲಿಗೆಯವಳು


ಏಪ್ರಿಲ್ ೨೨

ತಂಗಿ,

ಹಾಗೆ ಕರೆಯುತ್ತೇನೆ, ಬೇಸರಿಸಬೇಡಿ. "ಹೌದು, ನೋಡಿದೆ" ಎಂಬ ನಿಮ್ಮ ಸಾಲನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ನಾನು ಆಸ್ಪತ್ರೆಯ ರಕ್ತನಿಧಿಯಲ್ಲಿ ರಕ್ತದ ಗುಂಪು ಪರೀಕ್ಷಿಸುವವಳು. ನಮ್ಮಲ್ಲಿ ಒಂದು ಚೀಟಿಯನ್ನು ಇಬ್ಬರು ಎರಡು ಸಲ ಗಟ್ಟಿಯಾಗಿ ಓದಬೇಕು. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಿಂದ ಒಂದು ಸೀಸೆಯೂ ತಪ್ಪಿಲ್ಲ. ಗುಂಡನನ್ನು ಬೆಳೆಸಿದ್ದು ನಾನೇ. ಅಮ್ಮ ಹೋದಾಗ ಅವನಿಗೆ ಆರು ವರ್ಷ, ನನಗೆ ಹತ್ತೊಂಬತ್ತು. ಶಾಲೆಯ ಚೀಲವನ್ನೂ ಎರಡು ಸಲ ನೋಡಿ ಕಳಿಸುತ್ತಿದ್ದೆ. "ಅಕ್ಕ, ನಾನೇನು ರಕ್ತದ ಸೀಸೇನಾ?" ಎನ್ನುತ್ತಿದ್ದ. ಅಂಥವನು ಅಜಾಗರೂಕನೆಂದು ಬರೆದಿದ್ದಾರೆ.

ಸೆಪ್ಟೆಂಬರಿನಲ್ಲಿ ಬಹಿರಂಗ ವಿಚಾರಣೆ ನಡೆಯುತ್ತದಂತೆ. ನಮ್ಮ ವಕೀಲರು ವಿವರ ಕೇಳುತ್ತಿದ್ದಾರೆ. ಬೆಂಕಿ ಯಾವ ರೆಕ್ಕೆಯಲ್ಲಿತ್ತು? ಎಷ್ಟು ದೊಡ್ಡದಿತ್ತು? ನೆನಪಿದ್ದಷ್ಟನ್ನು ಬರೆಯಿರಿ.

ಅಕ್ಕ


ಮೇ ೬

ಅಕ್ಕ,

ಎಡರೆಕ್ಕೆ. ಬುಡದಲ್ಲಿ, ಎಂಜಿನ್ ಇರುವ ಕಡೆ. ಎರಡು ಗಜ ಉದ್ದ ಇತ್ತೇನೋ. ಕಿತ್ತಳೆ ಬಣ್ಣ, ಅಂಚಿನಲ್ಲಿ ಕಪ್ಪು. ಇಷ್ಟೇ ನೆನಪಿರುವುದು.

ಶಾಲೆಗಳ ಸಮವಸ್ತ್ರದ ಕೆಲಸ ತಲೆಯ ಮೇಲಿದೆ. ಅದಕ್ಕೇ ಚಿಕ್ಕದಾಗಿ ಬರೆದಿದ್ದೇನೆ.

ಮೆಷಿನ್ನನ್ನು ಗೋಡೆಯ ಕಡೆಗೆ ತಿರುಗಿಸಿಟ್ಟುಕೊಂಡೆ. ಬೆಳಕು ಸಾಲುವುದಿಲ್ಲ. ಆದರೂ ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.

ತಂಗಿ


ಜೂನ್ ೧೮

ಪ್ರೀತಿಯ ತಂಗಿ,

ನಿಮ್ಮ ಪತ್ರದ ಪ್ರತಿಯನ್ನು ವಕೀಲರು ತನಿಖೆಯವರಿಗೆ ಕೊಟ್ಟಿದ್ದಾರೆ. ಕೇಳದೆ ಕೊಟ್ಟಿದ್ದಕ್ಕೆ ಕ್ಷಮಿಸಿ. ಅದು ಬಹಳ ಮುಖ್ಯವಂತೆ. ಏಳುವಾಗ ವಿಮಾನದ ರೆಕ್ಕೆಯ ಹಿಂಬದಿಯಿಂದ ಫ್ಲಾಪ್ ಎಂಬ ಪಟ್ಟಿ ಕೆಳಗಿಳಿಯಬೇಕು, ಅದಿಲ್ಲದೆ ವಿಮಾನ ಸರಿಯಾಗಿ ಮೇಲೇರುವುದಿಲ್ಲ. ಅದನ್ನು ಇಳಿಸುವುದನ್ನೇ ಪೈಲಟ್‌ಗಳು ಮರೆತರು ಎಂಬುದು ವಿಮಾನ ಕಂಪನಿಯ ವಾದ. ಆದರೆ ಕಪ್ಪುಪೆಟ್ಟಿಗೆಗೆ ಫ್ಲಾಪಿನ ಮಾಹಿತಿ ಕೊಡುವ ತಂತಿ ಮೊದಲೇ ಕೆಟ್ಟಿತ್ತು. ರೆಕ್ಕೆಗಳು ಸುಟ್ಟು ಕರಗಿವೆ. ಹಾಗಾಗಿ ಕಣ್ಣಾರೆ ನೋಡಿದವರ ಮಾತಿಗೆ ಬೆಲೆ ಇದೆ. ರಸ್ತೆಯಲ್ಲಿದ್ದವರೆಲ್ಲ ಓಡಿದರು, ಯಾರೂ ಸರಿಯಾಗಿ ನೋಡಲಿಲ್ಲ. ನೋಡಿದವರು ನೀವೊಬ್ಬರೇ.

ಸೆಪ್ಟೆಂಬರ್ ಹನ್ನೆರಡಕ್ಕೆ ಬರುತ್ತೀರಲ್ಲವೇ?

ನಿಮ್ಮ ಅಕ್ಕ


ಜುಲೈ ೨೦

ತಂಗಿ,

ತಿಂಗಳಾಯಿತು, ಉತ್ತರವಿಲ್ಲ. ಅತ್ತೆಯವರು ಆರೋಗ್ಯವಾಗಿದ್ದಾರೆಯೇ? ನೆರೆಯವರು ಏನಾದರೂ ಅಂದರೇ? ಒಂದು ಕಾರ್ಡನ್ನಾದರೂ ಹಾಕಿ.

ಅಕ್ಕ


ಆಗಸ್ಟ್ ೯

ಈಗ ನನಗೆ ಅರ್ಥವಾಗುತ್ತಿದೆ. ಕಂಪನಿಯವರು ನಿಮ್ಮ ಮೆಟ್ಟಿಲು ಹತ್ತಿ ಬಂದಿದ್ದಾರೆ. ಹೆದರಿಸಿದರೋ, ಪುಸಲಾಯಿಸಿದರೋ ಗೊತ್ತಿಲ್ಲ. ಟೀವಿಯ ಮುಂದೆ ಅಷ್ಟು ಧೈರ್ಯವಾಗಿ ಮಾತಾಡಿದವರು ಸತ್ತವನ ಪರವಾಗಿ ಮಾತಾಡಬೇಕಾದಾಗ ಬಾಯಿ ಮುಚ್ಚಿಕೊಂಡಿರಿ. ಅವನ ಜಾಗದಲ್ಲಿ ನಿಮ್ಮ ಮನೆಯವರು ಇದ್ದಿದ್ದರೆ ಹೀಗೆ ಸುಮ್ಮನಿರುತ್ತಿದ್ದಿರಾ?


ಆಗಸ್ಟ್ ೧೭

ಅಕ್ಕ,

ನನ್ನ ಮೆಟ್ಟಿಲು ಹತ್ತಿ ಬಂದವರು ಕಂಪನಿಯವರಲ್ಲ, ತನಿಖಾಧಿಕಾರಿ. ಜೂನ್ ಕೊನೆಯಲ್ಲಿ ಬಂದಿದ್ದರು. ವಯಸ್ಸಾದವರು, ಮೆತ್ತಗೆ ಮಾತಾಡುತ್ತಾರೆ. ಕೈಯಲ್ಲಿ ಆಟದ ಸಾಮಾನಿನಂಥ ಒಂದು ವಿಮಾನ. ಹೆದರಿಸಲಿಲ್ಲ, ನೀರು ಕೇಳಿ ಕುಡಿದರು. "ಅವತ್ತು ಮೆಷಿನ್ ಎಲ್ಲಿತ್ತಮ್ಮ?" ಎಂದರು. ತೋರಿಸಿದೆ. ಇಬ್ಬರೂ ಸೇರಿ ಅಲ್ಲಿಗೇ ಎಳೆದೆವು. ನನ್ನ ಸ್ಟೂಲಿನ ಮೇಲೆ ಕೂತರು. ಹತ್ತು ನಿಮಿಷ ಆಗುವಷ್ಟರಲ್ಲಿ ಒಂದು ವಿಮಾನ ಎದ್ದಿತು.

"ಎಡದಿಂದ ಬಲಕ್ಕೆ ಹೋಗುತ್ತೆ ಅಲ್ವಾ," ಎಂದರು.

"ಹೌದು ಸಾರ್. ಎಲ್ಲಾ ಹಾಗೇ ಹೋಗೋದು."

"ಹಾಗಾದ್ರೆ ನಿಮ್ಮ ಕಡೆ ಇರೋದು ಬಲರೆಕ್ಕೆ. ಎಡರೆಕ್ಕೆಯ ಬುಡ ವಿಮಾನದ ಮೈ ಮರೇಲಿರುತ್ತೆ."

ಅವರು ಆ ಪುಟ್ಟ ವಿಮಾನವನ್ನು ಮೇಜಿನ ಮೇಲೆ ಇಟ್ಟು, "ನೆನಪಾದ್ರೆ ಬರೀರಿ" ಎಂದು ಹೇಳಿ ಮೆಟ್ಟಿಲಿಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಕ್ಕ, ಬೀಳುವುದಕ್ಕೆ ಮುಂಚೆ ಬೆಂಕಿ ಇರಲಿಲ್ಲ. ಬೆಂಕಿ ಬಂದದ್ದು ಬಿದ್ದ ಮೇಲೆ. ಆ ದಿನ ಕೆಳಗಿಳಿದು ನಿಂತಿದ್ದೆ. ಮೈಕ್ ಹಿಡಿದವನು, "ಮೊದಲೇ ಬೆಂಕಿ ಇತ್ತಾ? ನೋಡಿದ್ರಾ?" ಎಂದ. ತಲೆಯಾಡಿಸಿದೆ. ಆಮೇಲೆ ಬಂದವರೆಲ್ಲ ಅದನ್ನೇ ಕೇಳಿದರು. ಹೇಳುತ್ತಾ ಹೇಳುತ್ತಾ ನನಗೇ ಕಾಣತೊಡಗಿತು. ಕಿವಿ ಕೇಳದ ನಮ್ಮ ಅತ್ತೆ ಟೀವಿಯಲ್ಲಿ ನನ್ನ ತುಟಿ ನೋಡಿಯೇ, "ಏನೇ ಅದು? ನೀನೆಲ್ಲಿ ಬೆಂಕಿ ನೋಡ್ದೆ? ನನ್ ಜೊತೆ ಗುಂಡಿ ಆರಿಸ್ತಿದ್ದೆ," ಎಂದರು. ಕೇಳಿಸದವರ ಹಾಗೆ ನಾನು ಎದ್ದು ಹೋದೆ.

ನಿಮ್ಮ ಮೊದಲ ಕಾಗದ ಬಂದಾಗಲೇ ಹೇಳಬಹುದಿತ್ತು. ಒಂದು ಸಾಲು ಸಾಕು ಎಂದು ಬರೆದಿದ್ದಿರಿ. ಒಂದು ಸಾಲಿನ ಸುಳ್ಳು ತಾನೇ, ಒಬ್ಬಳಿಗೆ ನಿದ್ದೆ ಬರುವುದಾದರೆ ಬರಲಿ ಎಂದುಕೊಂಡೆ.

ಇನ್ನೂ ಒಂದು ವಿಷಯವಿದೆ. ಅದನ್ನು ಬರೆಯಲಾಗದೆಯೇ ಎರಡು ತಿಂಗಳು ಸುಮ್ಮನಿದ್ದೆ. ನಾನು ನಿಜವಾಗಿಯೂ ಒಂದನ್ನು ನೋಡಿದ್ದೇನೆ.

ಹದಿನಾಲ್ಕು ವರ್ಷದಿಂದ ಈ ಕಿಟಕಿಯಲ್ಲಿ ವಿಮಾನ ಏಳುವುದನ್ನು ನೋಡುತ್ತಿದ್ದೇನೆ. ದಾಟಿ ಹೋಗುವಾಗ ರೆಕ್ಕೆಯ ಹಿಂದಿನ ಅಂಚು ಕಾಣುತ್ತದೆ. ಬೆಳೆಯುವ ಮಗುವಿನ ಬಟ್ಟೆಯ ಮಡಿಕೆ ಬಿಚ್ಚಿ ಉದ್ದ ಮಾಡುತ್ತೇವಲ್ಲ, ಹಾಗೆ ಒಂದು ಪಟ್ಟಿ ಕೆಳಕ್ಕೆ ಇಳಿದಿರುತ್ತದೆ. ಅದಕ್ಕೊಂದು ಹೆಸರಿದೆ ಎಂದು ಗೊತ್ತಾದದ್ದು ನಿಮ್ಮ ಕಾಗದದಿಂದಲೇ. ಆ ದಿನ ಕಿಟಕಿ ಅದುರಿತು, ತಲೆ ಎತ್ತಿದೆ. ವಿಮಾನ ಎಷ್ಟು ಕೆಳಗಿತ್ತೆಂದರೆ ಮೈಮೇಲಿನ ಮೊಳೆಗಳನ್ನು ಎಣಿಸಬಹುದಿತ್ತು. ರೆಕ್ಕೆಯ ಅಂಚು ನೆಟ್ಟಗಿತ್ತು, ಇಸ್ತ್ರಿ ಮಾಡಿದ ಹಾಗೆ. ಮಡಿಕೆ ಬಿಚ್ಚಿರಲಿಲ್ಲ. "ಇದೇನು, ಇವತ್ತು ಗಿಡ್ಡವಾಗಿದೆಯಲ್ಲ" ಎಂದು ಮನಸ್ಸಿಗೆ ಬಂತು. ಅಷ್ಟರಲ್ಲಿ ದಾಟಿ ಹೋಗಿತ್ತು, ಗುಂಡಿಯ ಡಬ್ಬ ಬಿತ್ತು, ಆರಿಸಲು ಬಗ್ಗಿದೆ.

ಇದನ್ನು ಹೇಳಿದರೆ ನಿಮ್ಮ ತಮ್ಮನ ಮೇಲೆ ಬೀಳುತ್ತದೆ ಎಂದು ಗೊತ್ತು. ಅದಕ್ಕೇ ಮೊದಲು ನಿಮಗೆ ಬರೆದಿದ್ದೇನೆ. ಅಧಿಕಾರಿಗೆ ಇನ್ನೂ ಬರೆದಿಲ್ಲ.

ತಂಗಿ ಅನ್ನುವ ಮುಖ ನನಗಿಲ್ಲ.
ಹೊಲಿಗೆಯವಳು


ಆಗಸ್ಟ್ ೨೪

ಪತ್ರ ತಲುಪಿತು. ಇನ್ನು ಮುಂದೆ ನನಗೆ ಬರೆಯಬೇಡಿ.


ಆಗಸ್ಟ್ ೩೦

ಇದೊಂದೇ ಕಾಗದ, ಆಮೇಲೆ ಬರೆಯುವುದಿಲ್ಲ. ಹನ್ನೆರಡಕ್ಕೆ ಹೋಗುತ್ತೇನೆ. ಬೆಂಕಿಯ ಮಾತು ಸುಳ್ಳೆಂದು ಹೇಳುತ್ತೇನೆ, ರೆಕ್ಕೆಯ ಮಾತನ್ನೂ ಹೇಳುತ್ತೇನೆ. ನಿಮಗೆ ತಿಳಿಯದ ಹಾಗೆ ಹೇಳಬಾರದು ಎಂದು ಬರೆದೆ.

ಈಗ ಮೆಷಿನ್ನನ್ನು ಮತ್ತೆ ಕಿಟಕಿಗೆ ತಿರುಗಿಸಿದ್ದೇನೆ. ಯಾವ ವಿಮಾನ ಎದ್ದರೂ ಕೈ ನಿಲ್ಲುತ್ತದೆ, ಮೊದಲು ಅದರ ರೆಕ್ಕೆಯ ಅಂಚು ನೋಡುತ್ತೇನೆ. ಪಟ್ಟಿ ಇಳಿದಿದ್ದರೆ ಉಸಿರು ಬಿಟ್ಟು ಹೊಲಿಯುತ್ತೇನೆ. ದಿನಕ್ಕೆ ಎಂಬತ್ತು ವಿಮಾನ ಏಳುತ್ತವೆ ಅಕ್ಕ.


ಸೆಪ್ಟೆಂಬರ್ ೫

ತಂಗಿ,

ಬರೆಯಬೇಡಿ ಎಂದವಳೇ ಬರೆಯುತ್ತಿದ್ದೇನೆ. ಸುಳ್ಳು ಹೇಳಿದ್ದು ನೀವೊಬ್ಬರೇ ಅಲ್ಲ.

ವಿಮಾನದೊಳಗಿನ ಮಾತುಗಳು ಧ್ವನಿಮುದ್ರಣವಾಗಿರುತ್ತವೆ. ಅದರ ಬರಹದ ಪ್ರತಿಯನ್ನು ಮನೆಯವರಿಗೆ ತೋರಿಸುತ್ತಾರೆ. ಮೇ ತಿಂಗಳ ಕೊನೆಯಲ್ಲೇ ನಾನು ಅದನ್ನು ಓದಿದ್ದೆ. ಅಂದರೆ ಜೂನಿನಲ್ಲಿ ನಿಮ್ಮನ್ನು "ಬರುತ್ತೀರಲ್ಲವೇ" ಎಂದು ಕೇಳುವಾಗ ನನಗೆ ಎಲ್ಲವೂ ಗೊತ್ತಿತ್ತು. ಬೆಂಕಿಯ ಮಾತು ಅದರಲ್ಲಿ ಎಲ್ಲೂ ಇಲ್ಲ.

ವಿಮಾನ ರನ್‌ವೇ ಕಡೆ ಹೋಗುತ್ತಿರುತ್ತದೆ. ಗುಂಡ ಪಟ್ಟಿ ಓದುತ್ತಿರುತ್ತಾನೆ. ಪಟ್ಟಿ ಎಂದರೆ, ಏಳುವ ಮೊದಲು ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ನೋಡುವುದು, ನಮ್ಮ ಸೀಸೆಯ ಚೀಟಿಯ ಹಾಗೆ. ನಡುವೆ ಕ್ಯಾಪ್ಟನ್ ಕೇಳುತ್ತಾರೆ, "ನಿಮ್ಮಕ್ಕನ ಮಂಡಿ ಹೇಗಿದೆಯಪ್ಪ?"

"ಆಪರೇಷನ್ ಆಯ್ತು ಸಾರ್. ಕೋಲು ಹಿಡ್ಕೊಂಡು ನಡಿ ಅಂದ್ರೆ ಆ ಕೋಲನ್ನ ನನಗೇ ತೋರಿಸ್ತಾಳೆ."

ಕ್ಯಾಪ್ಟನ್ ನಗುತ್ತಾರೆ. ಅಲ್ಲಿ 'ನಗು' ಎಂದು ಟೈಪ್ ಮಾಡಿದ್ದಾರೆ. ಅಷ್ಟರಲ್ಲಿ ನಿಲ್ದಾಣದ ನಿಯಂತ್ರಣ ಗೋಪುರದಿಂದ ಸೂಚನೆ ಬರುತ್ತದೆ. ಹಿಂದೆ ಇನ್ನೊಂದು ವಿಮಾನ ಇಳಿಯಲು ಬರುತ್ತಿದೆ, ಬೇಗ ಏಳಿ ಎಂದು. ಗುಂಡ ಮತ್ತೆ ಪಟ್ಟಿ ಹಿಡಿಯುತ್ತಾನೆ. ಬಿಟ್ಟ ಸಾಲಿನಿಂದಲ್ಲ, ಅದರ ಮುಂದಿನ ಸಾಲಿನಿಂದ. ಬಿಟ್ಟುಹೋದ ಸಾಲು ಫ್ಲಾಪಿನದು.

ಅವರು ಮಾತಾಡುತ್ತಿದ್ದುದು ನನ್ನ ಮಂಡಿಯ ವಿಷಯ. ಆ ಪುಟ ಓದಿದ ದಿನದಿಂದ ಮೆಟ್ಟಿಲು ಹತ್ತುವಾಗ ಪ್ರತಿ ಹೆಜ್ಜೆಗೂ ಆ ಟೈಪ್ ಮಾಡಿದ ನಗು ಕಿವಿಯಲ್ಲಿ ಕೇಳುತ್ತದೆ. ಅದಕ್ಕೇ ನನಗೆ ಬೆಂಕಿ ಬೇಕಿತ್ತು ತಂಗಿ. ಅವನಿಗಾಗಿ ಮಾತ್ರವಲ್ಲ.

ಇನ್ನೂ ಒಂದಿದೆ, ಅದನ್ನು ಯಾರಿಗೂ ಹೇಳಿಲ್ಲ. ಫ್ಲಾಪ್ ಇಳಿಸದೆ ಏಳಲು ಹೊರಟರೆ ಒಳಗೆ ಹಾರ್ನ್ ಕೂಗಬೇಕು. ಅವತ್ತು ಕೂಗಲಿಲ್ಲ. ಯಾಕೆ ಕೂಗಲಿಲ್ಲ ಎಂಬುದು ತನಿಖೆಯವರಿಗೆ ಸಿಕ್ಕಿಲ್ಲ, ನನಗೆ ಗೊತ್ತು. ಫೆಬ್ರವರಿಯಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಕೂತು ಅವನೇ ಹೇಳಿದ್ದ. "ಆ ಹಾರ್ನ್ ಇದೆಯಲ್ಲ ಅಕ್ಕ, ರನ್‌ವೇಗೆ ಹೋಗೋ ದಾರೀಲಿ ಸುಮ್‌ಸುಮ್ನೆ ಬಡ್ಕೊಳ್ಳುತ್ತೆ. ವರ್ಕ್‌ಶಾಪಿಗೆ ಬರೆದು ಬರೆದು ಸಾಕಾಯ್ತು. ಎಲ್ಲರೂ ಅದರ ಫ್ಯೂಸ್ ಎಳೆದಿಟ್ಬಿಡ್ತಾರೆ."

"ನೀನೂ ಎಳೀತೀಯಾ?"

"ಯಾರಿಗೂ ಹೇಳ್ಬೇಡ," ಎಂದು ನಕ್ಕ.

ಚೀಟಿ ಒಂದೇ ಸಲ ಓದಿದಳೆಂದು ನಮ್ಮ ಲ್ಯಾಬಿನ ಹುಡುಗಿಯನ್ನು ಅಳಿಸಿದವಳು ನಾನು. ತಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಕಿತ್ತಳೆ ಸುಲಿದು ಕೊಡುತ್ತಿದ್ದ, ತಿನ್ನುತ್ತಾ ಕೇಳಿಸಿಕೊಂಡೆ.

ಈಗ ಹೇಳಿದರೆ ಅವನ ತಪ್ಪನ್ನು ನನ್ನ ಬಾಯಿಂದಲೇ ಹೇಳಿದಂತಾಗುತ್ತದೆ. ಹೇಳದಿದ್ದರೆ ಬೇರೆ ವಿಮಾನಗಳಲ್ಲಿ ಆ ಫ್ಯೂಸ್ ಇವತ್ತೂ ಎಳೆದೇ ಇರುತ್ತದೆ. ಎಂಬತ್ತು ಎಂದು ಬರೆದಿರಿ. ಅದನ್ನು ಓದಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಏನು ಮಾಡುತ್ತೇನೋ ಗೊತ್ತಿಲ್ಲ. ನೀವು ನೋಡಿದ್ದನ್ನು ನೀವು ಹೇಳಿ.

ಅಕ್ಕ


ಸೆಪ್ಟೆಂಬರ್ ೧೫

ಅಕ್ಕ,

ಮೂರು ದಿನದಿಂದ ಒಂದೇ ಯೋಚನೆ. ವಿಚಾರಣೆಯ ಕೋಣೆಯ ಹೊರಗೆ ಉದ್ದನೆಯ ಬೆಂಚಿನಲ್ಲಿ ನನ್ನ ಪಕ್ಕ ಒಂದು ಗಂಟೆ ಒಬ್ಬ ಹೆಂಗಸು ಕೂತಿದ್ದರು. ಬೂದುಬಣ್ಣದ ಉಡುಪು, ಎಡಗೈ ತೋಳಿನ ಹೊಲಿಗೆ ಒಂದಿಷ್ಟು ಬಿಚ್ಚಿತ್ತು. ತಮ್ಮ ನೀರಿನ ಬಾಟಲಿ ಕೊಟ್ಟರು. "ಸೂಜಿ ಇದ್ದಿದ್ರೆ ಹಾಕ್ಕೊಡ್ತಿದ್ದೆ" ಎಂದೆ. "ಇರಲಿ ಬಿಡಿ" ಎಂದರು. ನಿಮ್ಮನ್ನು ಕೋಲು ಹಿಡಿದವರೆಂದೇ ನಾನು ಹುಡುಕುತ್ತಿದ್ದೆ.

ಮೊದಲು ನನ್ನನ್ನು ಕರೆದರು. ಎಲ್ಲಾ ಹೇಳಿದೆ. ಎದುರು ಸಾಲಿನಿಂದ ಒಬ್ಬ ತಾಯಿ ಎದ್ದರು. ಅವರ ಮಗಳು ಆ ವಿಮಾನದಲ್ಲಿದ್ದಳು. "ಆರು ತಿಂಗಳು ಬೆಂಕಿ ಬೆಂಕಿ ಅಂತ ನಂಬಿದ್ವಿ. ಯಾಕಮ್ಮ ಹಾಗಂದ್ರಿ?" ಎಂದು ಕೇಳಿದರು.

"ಕೇಳಿದ್ರು, ಹೌದು ಅಂದೆ," ಎಂದೆ. "ಇಲ್ಲ ಅಂದಿದ್ರೆ ಮೈಕ್ ಪಕ್ಕದವರಿಗೆ ಹೋಗ್ತಿತ್ತು."

ಅದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿರಲಿಲ್ಲ. ಆ ತಾಯಿ ನಿಂತೇ ಇದ್ದರು. ಕೂರಿ ಎಂದು ಹೇಳುವವರು ಯಾರೂ ಇರಲಿಲ್ಲ.

ಹೊರಗೆ ಬಂದಾಗ ಬೆಂಚು ಖಾಲಿ. ಗುಮಾಸ್ತ ಹೇಳಿದ, "ನಿಮ್ ಪಕ್ಕ ಕೂತಿದ್ರಲ್ಲ, ಅವರೇ ಆ ಪೈಲಟ್ಟಿನ ಅಕ್ಕ. ಈಗ ಒಳಗೆ ಹೋದ್ರು." ಸಾಯಂಕಾಲದವರೆಗೂ ಕಾದೆ. ನೀವು ಹಿಂದಿನ ಬಾಗಿಲಿನಿಂದ ಹೋಗಿದ್ದಿರಂತೆ.

ನೀವು ನನ್ನನ್ನು ಟೀವಿಯಲ್ಲಿ ನಲವತ್ತು ಸಲ ನೋಡಿದವರು. ಗುರುತು ಸಿಗದೆ ಇರುವುದಿಲ್ಲ. ಒಂದು ಗಂಟೆ ಪಕ್ಕದಲ್ಲೇ ಕೂತು, ನೀರು ಕೊಟ್ಟು, ಯಾರು ಅಂತ ಯಾಕೆ ಹೇಳಲಿಲ್ಲ? ಬೈಯಬೇಕಿದ್ದರೆ ಬೈಯಬಹುದಿತ್ತು. ಒಳಗೆ ಏನು ಹೇಳಿದಿರಿ ಎಂದು ಕೇಳುವುದಿಲ್ಲ. ಇದಕ್ಕೊಂದು ಉತ್ತರ ಕೊಡಿ.

ತಂಗಿ


ಫೆಬ್ರವರಿ ೨೧

ತಂಗಿ,

ವರದಿ ಬಂದಿದೆ, ಪೇಪರಿನಲ್ಲಿ ಓದಿರುತ್ತೀರಿ. ಅದು ಕೈಗೆ ಬರುವವರೆಗೆ ನಿಮಗೆ ಬರೆಯಲು ಆಗಲಿಲ್ಲ.

ಕಾರಣಗಳಲ್ಲಿ ಮೊದಲನೆಯದು ಹೀಗಿದೆ: ಪೈಲಟ್‌ಗಳು ಫ್ಲಾಪ್ ಇಳಿಸಲಿಲ್ಲ, ಪಟ್ಟಿಯನ್ನು ಪೂರ್ತಿ ಓದಲಿಲ್ಲ. ಅದನ್ನು ನಾನು ಗಟ್ಟಿಯಾಗಿ ಎರಡು ಸಲ ಓದಿದೆ. ನಿಮ್ಮ ಹೇಳಿಕೆ ನಲವತ್ತೊಂದನೆಯ ಪುಟದಲ್ಲಿದೆ. "ಮಡಿಕೆ ಬಿಚ್ಚಿರಲಿಲ್ಲ" ಎಂಬ ನಿಮ್ಮ ಮಾತನ್ನೇ ಹಾಗೇ ಹಾಕಿದ್ದಾರೆ.

ಹಾರ್ನ್ ವಿಷಯವನ್ನು ಆ ದಿನ ಹೇಳಿದೆ. ಅವನು ನಕ್ಕಿದ್ದನ್ನೂ ಹೇಳಿದೆ. ಆಮೇಲೆ ತನಿಖೆಯವರು ವರ್ಕ್‌ಶಾಪಿನ ಪುಸ್ತಕಗಳನ್ನು ತರಿಸಿದರು. ಆ ವಿಮಾನದ ಹಾರ್ನ್ ಬಗ್ಗೆ ಹನ್ನೊಂದು ದೂರುಗಳಿದ್ದವು, ಎರಡು ಗುಂಡನ ಕೈಬರಹದಲ್ಲಿ. ಪ್ರತಿಯೊಂದರ ಮುಂದೆಯೂ "ಪರೀಕ್ಷಿಸಿದೆ, ಸರಿಯಿದೆ" ಎಂದು ಸಹಿ. ಕಂಪನಿಗೆ ಗೊತ್ತಿತ್ತು ಎಂಬುದು ಎರಡನೆಯ ಕಾರಣ. ಅಕ್ಟೋಬರಿನಲ್ಲಿ ಅವರ ಎಲ್ಲಾ ವಿಮಾನಗಳನ್ನು ನಿಲ್ಲಿಸಿ ನೋಡಿದಾಗ ನಾಲ್ಕರಲ್ಲಿ ಫ್ಯೂಸ್ ಎಳೆದಿತ್ತು. ಆ ನಾಲ್ಕೂ ನಿಮ್ಮ ಕಿಟಕಿಯ ಮುಂದೆಯೇ ಎದ್ದು ಹೋಗುತ್ತಿದ್ದವು.

ಬಿದ್ದ ಜಾಗದಲ್ಲಿ ಕಲ್ಲು ನಿಲ್ಲಿಸುತ್ತಾರಂತೆ. ಅದರಲ್ಲಿ ಪೈಲಟ್‌ಗಳಿಬ್ಬರ ಹೆಸರಿರುವುದಿಲ್ಲ. ಗೋದಾಮಿನ ಇಬ್ಬರೂ ಸೇರಿ ಉಳಿದ ಅರವತ್ತನಾಲ್ಕು ಹೆಸರುಗಳು ಸಾಕೆಂದು ಸತ್ತವರ ಮನೆಯವರೆಲ್ಲ ತೀರ್ಮಾನಿಸಿದ್ದಾರೆ. ಮಗಳನ್ನು ಕಳೆದುಕೊಂಡ ಆ ತಾಯಿಯ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ.

ಇನ್ನು ನಿಮ್ಮ ಪ್ರಶ್ನೆ. ನೀವು ಮೆಟ್ಟಿಲು ಹತ್ತಿ ಬಂದಾಗಲೇ ಗುರುತು ಸಿಕ್ಕಿತು. ಬೇರೆ ಬೆಂಚೂ ಇತ್ತು, ಬೇಕೆಂದೇ ನಿಮ್ಮ ಪಕ್ಕಕ್ಕೆ ಬಂದು ಕೂತೆ. ಬೈಯುವುದಕ್ಕಲ್ಲ. ನಿಮ್ಮ ಕೈ ನೋಡುತ್ತಿದ್ದೆ, ಹೆಬ್ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳು. ಬಾಯಿ ತೆರೆಯಲು ಭಯವಾಗಿತ್ತು. ನಾನು ಯಾರೆಂದು ಹೇಳಿಬಿಟ್ಟಿದ್ದರೆ ಅದರ ಮರುಮಾತೇ, ಇದೊಂದು ಸಲ ಬೆಂಕಿ ಇತ್ತು ಅನ್ನಿ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದು ಬಂದುಬಿಡುತ್ತಿತ್ತು.

ನೀವು ಅಂದೂಬಿಡುತ್ತಿದ್ದಿರಿ.

ಅಕ್ಕ